ಕಪ್ಪೆ ಕಾರಿನ ಮೊಣಕೈ

ಹಿಂದುಮುಂದು ಹೇಳುವ ಮೊದಲು ಸುದ್ದಿ ಹೇಳಿಬಿಡುತ್ತೇನೆ, ತಡೆದುಕೊಂಡರೆ ಹೊಟ್ಟೆ ಒಡೆದುಹೋಗುತ್ತದೆ. ನಿನ್ನೆ ಬುಧವಾರ, ಹನ್ನೆರಡಕ್ಕೆ ರಾಹುಕಾಲ ಹಿಡಿಯಲು ಇನ್ನೂ ಹದಿನೈದು ನಿಮಿಷ ಇರುವಾಗಲೇ ನನ್ನ ಮೊಮ್ಮಗಳು ಅವರಮ್ಮನ ತೊಡೆಯ ಮೇಲೆ ಕೂತು ಸಾತನೂರಿನಿಂದ ಚನ್ನಪಟ್ಟಣದ ನಮ್ಮ ಮನೆಗೆ ಬಂದಳು. ಐದು ತಿಂಗಳ ಕೂಸು. ಬಂದದ್ದು ನಮ್ಮ ಕಾರಿನಲ್ಲಿ. ಕಾರು ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ. ಈ ಮೂರು ಮಾತಿನಲ್ಲಿ ಯಾವುದಕ್ಕೆ ಹೆಚ್ಚು ಹಿಗ್ಗಿದೆ ಎಂದು ಕೇಳಿದರೆ ಮೊಮ್ಮಗಳು ಬಂದದ್ದಕ್ಕೆ ಎಂದು ಹೇಳುವುದು ಧರ್ಮ. ಹಾಗೆಂದೇ ಹೇಳುತ್ತೇನೆ. ಆದರೆ ಇವತ್ತು ಬೆಳಿಗ್ಗೆ ಎದ್ದವನು ಮೊದಲು ತೊಟ್ಟಿಲ ಹತ್ತಿರ ಹೋದೆನೋ ಕಾರಿನ ಹತ್ತಿರ ಹೋದೆನೋ ಎಂದು ನನ್ನ ಹೆಂಡತಿ ಜಯಮ್ಮನನ್ನು ಮಾತ್ರ ಕೇಳಬೇಡಿ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಲ್ಲಿಂದ ಎದ್ದವನು ನೇರವಾಗಿ ಲೇತಿನ ಮುಂದೆ ಕೂತೆ. ಐವತ್ತು ವರ್ಷ ಆಯಿತು. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಅದು ಗಿರಗಿರ ತಿರುಗುವಾಗ ಉಳಿ ಹಿಡಿದು ಕಡೆಯುವುದು, ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುವುದು. ಮರ ತಿರುಗುವ ಬಿಸಿಗೆ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿಯಲ್ಲಿ ಉಜ್ಜಿದರೆ ಮುಖ ಕಾಣುವ ಹಾಗೆ ಹೊಳೆಯುತ್ತದೆ. ಗಿಲಕಿ, ಬುಗುರಿ, ಬಳೆ, ತಲೆಯಾಡಿಸುವ ಗೊಂಬೆ, ಹೀಗೆ ನಾನು ಕಡೆದದ್ದು ಯಾವ ಯಾವ ಊರಿನ ಮಕ್ಕಳ ಬಾಯಲ್ಲಿದೆಯೋ ಲೆಕ್ಕವಿಲ್ಲ. ಬಿಸಿಗೆ ಅರಗು ಕರಗುತ್ತದೆ ಎಂಬ ಮಾತನ್ನು ಒಸಿ ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳದೆ ಕೆಟ್ಟೆ.

ಗೊಂಬೆ ಕಡೆಯುವವನ ಮನೆಗೆ ಇಂಗ್ಲೆಂಡಿನ ಕಾರು ಹೇಗೆ ಬಂತು ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ನನಗೆ ಮದುವೆಯಾದ ಹೊಸದರಲ್ಲಿ ನಮ್ಮ ಬೀದಿಯ ಕೊನೆಯಲ್ಲಿ ವಯಸ್ಸಾದ ಡಾಕ್ಟರೊಬ್ಬರಿದ್ದರು. ಅವರ ಹತ್ತಿರ ಹಸಿರು ಬಣ್ಣದ, ಗುಂಡು ಬೆನ್ನಿನ, ಎರಡು ಕಣ್ಣು ಬಿಟ್ಟುಕೊಂಡಿದ್ದ ಪುಟ್ಟ ಕಾರಿತ್ತು. ಬೀದಿಯ ಮಕ್ಕಳೆಲ್ಲ ಅದನ್ನು ಕಪ್ಪೆ ಎನ್ನುತ್ತಿದ್ದವು. ಕಂಪನಿಯ ಹೆಸರು ಮೂತಿಯ ಮೇಲೆ ಬರೆದಿತ್ತಂತೆ, ನಾನು ನೋಡುವ ಹೊತ್ತಿಗೆ ಅಕ್ಷರಗಳು ಅರ್ಧ ಉದುರಿದ್ದವು. ನನಗೆ ಮೊದಲೇ ಇಂಗ್ಲಿಷ್ ಓದಲು ಬಾರದ್ದರಿಂದ ನಷ್ಟವೇನೂ ಆಗಲಿಲ್ಲ. ಡಾಕ್ಟರು ತಮ್ಮ ಮೊಮ್ಮಗನಿಗೆ ಥೇಟ್ ಅಂಥದೇ ಮರದ ಕಾರು ಬೇಕೆಂದರು. ನಾನು ಎರಡು ದಿನ ಕಪ್ಪೆಯ ಸುತ್ತ ಕೂತು, ಎದ್ದು, ಮಲಗಿ ಗೇಣಿನಲ್ಲಿ ಅಳತೆ ಹಿಡಿದು ಮಾಡಿಕೊಟ್ಟೆ. ಮುಂದೆ ಅವರಿಗೆ ಕಣ್ಣು ಮಂಜಾಗಿ ಓಡಿಸುವುದು ನಿಂತಾಗ ನನ್ನನ್ನು ಕರೆದು, "ಇದರ ಉದ್ದಗಲ ನನಗಿಂತ ನಿನಗೇ ಚೆನ್ನಾಗಿ ಗೊತ್ತು, ನೀನೇ ಇಟ್ಕೊಳಪ್ಪ" ಎಂದು ಬೀಗದ ಕೈ ಕೊಟ್ಟುಬಿಟ್ಟರು. ಆ ಕಾಲಕ್ಕೆ ನನಗೆ ಸೈಕಲ್ಲೂ ಸರಿಯಾಗಿ ಬರುತ್ತಿರಲಿಲ್ಲ.

ಕಪ್ಪೆಯ ಗುಣವನ್ನು ನಿಮಗೆ ತಿಳಿಸಬೇಕು. ಈಗಿನ ಕಾರುಗಳು ತಿರುಗುವಾಗ ಮಿಣಮಿಣ ದೀಪ ಹಾಕುತ್ತವೆ. ಕಪ್ಪೆ ಹಾಗಲ್ಲ, ಅದು ಕೈ ತೋರಿಸುತ್ತದೆ. ಎರಡು ಬಾಗಿಲ ಪಕ್ಕದ ಕಂಬಗಳ ಒಳಗೆ ಗೇಣುದ್ದದ ಎರಡು ಕೈಗಳಿವೆ. ಗುಂಡಿ ತಿರುಗಿಸಿದರೆ ಎಡಕ್ಕೆ ಹೋಗುವಾಗ ಎಡಗೈ, ಬಲಕ್ಕೆ ಹೋಗುವಾಗ ಬಲಗೈ ಪಟ್ಟನೆ ಹೊರಗೆ ಬಂದು ಅಡ್ಡ ನಿಲ್ಲುತ್ತದೆ, ಒಳಗೆ ಕೆಂಪು ದೀಪ ಹತ್ತುತ್ತದೆ. ಬಲಗೈ ವಿಧೇಯ. ಎಡಗೈ ಮಾತ್ರ ಹುಟ್ಟಾ ಸೋಮಾರಿ, ಒಳಗಿನಿಂದ ಕಂಬಕ್ಕೆ ಒಂದು ಗುದ್ದು ಕೊಡದೆ ಏಳುತ್ತಿರಲಿಲ್ಲ. ನಾನು ಕೂರುವುದು ಬಲಗಡೆ, ಹಾಗಾಗಿ ಆ ಗುದ್ದುವ ಕೆಲಸ ಜಯಮ್ಮನ ಪಾಲಿಗೆ ಬಂತು. ಇಷ್ಟು ವರ್ಷದಲ್ಲಿ ಅವಳು ಎಷ್ಟು ಗುದ್ದಿದ್ದಾಳೆಂದರೆ ಅಲ್ಲಿ ಅವಳ ಮುಷ್ಟಿಯ ಅಳತೆಗೆ ತಗ್ಗು ಬಿದ್ದಿದೆ. ಒಮ್ಮೆ ನಾನು ಬೇಸರದಲ್ಲಿ, "ಒಸಿ ಮೆಲ್ಲಗೆ ಗುದ್ದಬಾರದಾ?" ಎಂದೆ. "ಯಾರ್ ಯಾರ್ನೋ ನೆನೆಸ್ಕೊಂಡು ಗುದ್ತೀನಿ, ಮೆಲ್ಲಗೆ ಹೆಂಗೆ ಬತ್ತದೆ?" ಎಂದಳು. ಯಾರನ್ನು ಎಂದು ನಾನು ಕೇಳಲಿಲ್ಲ.

ಈ ಕಾರು ನಮ್ಮ ಮನೆಗೆ ಬಂದ ವಾರಕ್ಕೇ ಕೂಸಾಗಿದ್ದ ನನ್ನ ಮಗ ಮಂಜುವನ್ನು ಜಯಮ್ಮನ ತವರಿನಿಂದ ಕರೆತರುವ ದಿನ ಬಂತು. ಡ್ರೈವಿಂಗ್ ಗೊತ್ತಿದ್ದ ನೆಂಟನೊಬ್ಬನನ್ನು ಕೂರಿಸಿಕೊಂಡು ಕಪ್ಪೆಯಲ್ಲೇ ಕರೆತಂದೆವು. ಆಮೇಲೆ ನಾನೇ ಓಡಿಸುವುದನ್ನು ಕಲಿತೆ, ಮಗಳೂ ಹಾಗೇ ಬಂದಳು. ನನ್ನ ತಮ್ಮನ ಇಬ್ಬರು ಮಕ್ಕಳು ಬಂದವು. ಹೀಗೆ ನಮ್ಮ ಮನೆಯ ಕೂಸುಗಳು ಕಪ್ಪೆಯಿಂದಲೇ ಇಳಿದು ಹೊಸ್ತಿಲು ದಾಟಬೇಕು ಎಂಬುದು ಯಾರೂ ಹೇಳದೆಯೇ ಪದ್ಧತಿಯಾಗಿಬಿಟ್ಟಿತು. ಆಮೇಲೆ ಬಹಳ ವರ್ಷ ಮನೆಯಲ್ಲಿ ಕೂಸೇ ಹುಟ್ಟಲಿಲ್ಲ. ಕಪ್ಪೆ ಶೆಡ್ಡಿನಲ್ಲಿ ಕೂತೇ ಇತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟು ಎರಡು ಸಲ ಮರಿ ಮಾಡಿತು. ಮಂಜು ಆಗಾಗ, "ಗುಜರಿಯವ್ರಿಗೆ ಕೊಟ್ಬುಡಣ ಕಣಪ್ಪ, ಜಾಗನಾದ್ರೂ ಆಯ್ತದೆ" ಎನ್ನುತ್ತಿದ್ದ. ನಾನು ಕೇಳಿಸದವನಂತೆ ಲೇತು ಜೋರಾಗಿ ತಿರುಗಿಸುತ್ತಿದ್ದೆ.

ಸೊಸೆ ಪವಿತ್ರಳಿಗೆ ಸಾತನೂರಿನ ತವರಿನಲ್ಲಿ ಹೆಣ್ಣು ಮಗು ಎಂದು ಫೋನು ಬಂದ ದಿನ ಜಯಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ಹಂಚುತ್ತಾ, "ಐದು ತಿಂಗಳಿಗೆ ನಮ್ಮ ಕಪ್ಪೇಲೇ ಕರ್ಕೊಂಡು ಬತ್ತೀವಿ" ಎಂದೂ ಹಂಚಿದಳು. ಸಕ್ಕರೆ ಕರಗಿಹೋಯಿತು, ಮಾತು ಕರಗಲಿಲ್ಲ. ದಿನ ಗೊತ್ತು ಮಾಡುವಾಗ ಶುಕ್ರವಾರ ಮನೆಯ ಹೆಣ್ಣುಮಗಳನ್ನು ಕಳಿಸುವುದಿಲ್ಲ ಎಂದರು ಬೀಗರು, ಮಂಗಳವಾರ ಆಗದು ಎಂದೆವು ನಾವು. ಕೊನೆಗೆ ಬುಧವಾರ, ಹನ್ನೆರಡರೊಳಗೆ ಹೊಸ್ತಿಲು ದಾಟುವುದು ಎಂದಾಯಿತು. ಮಂಜು ನನ್ನನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದ: "ನೋಡಪ್ಪ, ಕಾಗದ ಪತ್ರ ನಾನ್ ಸರಿ ಮಾಡ್ಸಿಡ್ತೀನಿ. ಗಾಡಿ ನೀನ್ ಸರಿ ಮಾಡ್ಸು. ಆಗ್ನಿಲ್ಲ ಅಂದ್ರೆ ಬಾಡಿಗೆ ಕಾರಲ್ಲಿ ಬತ್ತಾರೆ. ಕಪ್ಪೆ ಗುಜರಿಗೆ ಹೋಯ್ತದೆ. ಆಮೇಲೆ ಮಾತಾಡಂಗಿಲ್ಲ." ಮಗ ನನಗೆ ಗಡುವು ಕೊಡುವಷ್ಟು ದೊಡ್ಡವನಾದನಲ್ಲ ಎಂದು ಖುಷಿಪಡುವಷ್ಟರಲ್ಲಿ ಹೆದರಿಕೆ ಶುರುವಾಯಿತು.

ಪಂಪ್‌ಸೆಟ್ಟು ರಿಪೇರಿ ಮಾಡುವ ಸಿದ್ದರಾಜು ನನ್ನ ಬಾಲ್ಯದ ಗೆಳೆಯ. ಅವನೂ ನಾನೂ ಸೇರಿ ಕೋಳಿಯನ್ನು ಇಳಿಸಿದೆವು, ಕೆಟ್ಟ ತಂತಿ ಕಿತ್ತೆವು, ಬ್ಯಾಟರಿ ಹೊಸದು ಹಾಕಿದೆವು, ಮೂರು ತಿಂಗಳು ಒದ್ದಾಡಿದ ಮೇಲೆ ಇಂಜಿನ್ನು ಒಂದು ದಿನ ಕೆಮ್ಮಿ, ಸೀನಿ, ಓಡಿಯೇಬಿಟ್ಟಿತು. ಸಿದ್ದರಾಜು ಕಣ್ಣೊರೆಸಿಕೊಂಡ. ಹೊಗೆಗೆ ಎಂದು ಹೇಳಿದ. ಆದರೆ ಇಂಜಿನ್ನಿನ ನೆತ್ತಿಯ ಮೇಲೆ ಒಂದು ಮೊಣಕೈ ಇದೆ. ನಲ್ಲಿಯವರು ಎಲ್ಬೋ ಅನ್ನುತ್ತಾರಲ್ಲ, ಬಗ್ಗಿದ ಕೊಳವೆ, ಅದೇ ಥರದ್ದು. ಇಂಜಿನ್ನಿನ ಬಿಸಿನೀರು ಅದರ ಮೂಲಕ ಮುಂದಿನ ರೇಡಿಯೇಟರಿಗೆ ಹೋಗಿ ತಣ್ಣಗಾಗಬೇಕು. ಅದು ತುಕ್ಕು ತಿಂದು ಜರಡಿಯಾಗಿ ನೀರು ಜಿನುಗುತ್ತಿತ್ತು. "ಇದು ಎಲ್ಲೂ ಸಿಕ್ಕಲ್ಲ ಕಣ್ಲಾ" ಎಂದ ಸಿದ್ದರಾಜು. "ನೀನ್ ಸುಮ್ಕಿರ್ಲಾ, ತೂತು ಮುಚ್ಚೋದು ನನ್ನ ಕಸುಬು" ಎಂದೆ ನಾನು. ಅವನು ಊಟಕ್ಕೆ ಹೋದ ಸಮಯ ನೋಡಿ ಕೆಂಪು ಅರಗು ಕರಗಿಸಿ, ಅದಕ್ಕೆ ಮರದ ಪುಡಿ ಕಲಸಿ, ತೂತುಗಳಿಗೆಲ್ಲ ತುಂಬಿ, ತಣಿದ ಮೇಲೆ ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟೆ. ಮೊಣಕೈ ಮದುಮಗಳ ಮೊಣಕೈಯಂತೆ ಆಯಿತು. ನೀರು ತುಂಬಿದೆವು, ಒಂದು ಹನಿ ಸೋರಲಿಲ್ಲ. ಮಂಜು ಕೂಡ, "ಪರವಾಗಿಲ್ವಲ್ಲಪ್ಪ" ಎಂದ. ಆ ದಿನ ಎದೆ ಉಬ್ಬಿಸಿಕೊಂಡು ಎರಡು ಲೋಟ ಕಾಫಿ ಕುಡಿದೆ.

ಸಾತನೂರು ರಸ್ತೆಯಲ್ಲಿ ಓಡಿಸಿ ನೋಡೋಣವೆಂದು ನಾನು, ಸಿದ್ದರಾಜು ಹೊರಟೆವು. ನಾಲ್ಕು ಕಿಲೋಮೀಟರ್ ಕಪ್ಪೆ ರಾಜನ ಹಾಗೆ ಹೋಯಿತು. ಇಂಜಿನ್ನು ಬಿಸಿಯಾಯಿತು. ಬಿಸಿಗೆ ಅರಗು ಏನಾಗುತ್ತದೆ ಎಂದು ನಾಲ್ಕನೇ ಕ್ಲಾಸಿನ ಹುಡುಗನಾಗಿದ್ದಾಗಲೇ ಕಲಿತವನು ನಾನು. ಒಂದು ಊರಿನ ಬಸ್‌ಸ್ಟ್ಯಾಂಡಿನ ಎದುರಿಗೇ ಕಪ್ಪೆ ಬುಸ್ ಎಂದು ನಿಂತಿತು, ಬಾನೆಟ್ಟಿನ ಸಂದಿಯಿಂದ, ಮೂತಿಯಿಂದ, ಕೆಳಗಿನಿಂದ ಕೆಂಪು ನೀರು ಧಾರೆಯಾಗಿ ಸುರಿಯತೊಡಗಿತು. ಬಸ್ಸಿಗೆ ಕಾದಿದ್ದ ಹೆಂಗಸೊಬ್ಬಳು ತಲೆಯ ಮೇಲೆ ಕೈ ಹೊತ್ತು, "ಅಯ್ಯೋ, ಯಾರಿಗೆ ಗುದ್ದುಬುಟ್ರಪ್ಪ?" ಎಂದಳು. ಜನ ಸೇರಿತು. ಇಬ್ಬರು ಬಗ್ಗಿ ಕಾರಿನ ಕೆಳಗೆ ನೋಡಿದರು, ಒಬ್ಬ ಹಿಂದಕ್ಕೆ ಓಡಿ ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದಾರೋ ಎಂದು ಹುಡುಕಿ ಬಂದ. ಅದು ಅರಗು ಕಣ್ರಪ್ಪ, ಗೊಂಬೆ ಬಣ್ಣ ಎಂದರೆ ಯಾರೂ ನಂಬಲೊಲ್ಲರು. ಸಿದ್ದರಾಜು ಬಾನೆಟ್ಟು ಎತ್ತಿ, ಎಳೆ ಎಳೆಯಾಗಿ ಇಳಿಯುತ್ತಿದ್ದ ನನ್ನ ಕಸುಬನ್ನು ಒಂದು ನಿಮಿಷ ನೋಡಿದ. "ಲೇ, ಐವತ್ತು ವರ್ಸದಿಂದ ಅರಗ ಬಿಸಿ ಮಾಡಿ ಕರಗ್ಸೋದೇ ನಿನ್ನ ಕೆಲ್ಸ. ಇಂಜಿನ್ನು ತಣ್ಣಗಿರ್ತದೆ ಅಂತ ನಿಂಗೆ ಯಾರ್ಲಾ ಹೇಳುದ್ರು?" ಎಂದ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಊರಿಗೆ ಬಂದೆವು. ತಿರುವಿನಲ್ಲಿ ಕಪ್ಪೆಯ ಬಲಗೈ ಎದ್ದು ನಿಂತಿತ್ತು, ಸಹಾಯ ಕೇಳುವವರ ಹಾಗೆ.

ಆ ಮೊಣಕೈಯನ್ನು ಬಿಚ್ಚಿದರೆ ಕೈಯಲ್ಲೇ ಹಪ್ಪಳದಂತೆ ಪುಡಿಯಾಯಿತು. ಮಂಜು ಬಯ್ಯಲಿಲ್ಲ. ಬಾಡಿಗೆ ಕಾರಿನವನಿಗೆ ಫೋನು ಮಾಡಿ ಬುಧವಾರಕ್ಕೆ ಹೇಳಿಟ್ಟ. ಜಯಮ್ಮನೂ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಆಗ ಸಿದ್ದರಾಜು ಒಂದು ದಾರಿ ಹೇಳಿದ. ಮಾಗಡಿಯಲ್ಲಿ ದೇವಸ್ಥಾನದ ಗಂಟೆ, ದೀಪ ಎರಕ ಹೊಯ್ಯುವ ಆಚಾರ್ರೊಬ್ಬರಿದ್ದಾರೆ, ಪಂಪಿನ ಸಾಮಾನೂ ಹೊಯ್ದುಕೊಡುತ್ತಾರೆ. ಬಸ್ಸು ಹತ್ತಿ ಹೋಗಿ ಪುಡಿಯನ್ನು ಕರವಸ್ತ್ರದಲ್ಲಿ ತೋರಿಸಿದೆ. ಆಚಾರ್ರು ಅದನ್ನು ವಿಭೂತಿ ನೋಡುವ ಹಾಗೆ ನೋಡಿ, "ಇದ್ರಲ್ಲಿ ಅಚ್ಚು ತೆಗೆಯಕ್ಕಾಗಲ್ಲ. ಮರದಲ್ಲಿ ಇಂಥದೇ ಒಂದು ಮಾದರಿ ಮಾಡ್ಕೊಂಡು ಬನ್ನಿ. ಮಣ್ಣಲ್ಲಿ ಹೂತು ಅಚ್ಚು ಮಾಡಿ ಹಿತ್ತಾಳೆ ಹೊಯ್ತೀನಿ. ಒಳಗಿನ ಟೊಳ್ಳು ನಾನ್ ನೋಡ್ಕೋತೀನಿ" ಎಂದರು. ಮರ ಎಂದ ಕೂಡಲೇ ನನಗೆ ಜೀವ ಬಂತು. ವಾಪಸು ಬರುವ ಬಸ್ಸಿನಲ್ಲಿ ರಾಮನಗರ ದಾಟುವ ಹೊತ್ತಿಗೆ ಆ ಜೀವ ಹೋಯಿತು. ಯಾಕೆಂದರೆ ಲೇತಿನಲ್ಲಿ ಎಲ್ಲವೂ ಗುಂಡಗೆ ತಿರುಗಬೇಕು. ಚೆಂಡು ಬರುತ್ತದೆ, ಕಂಬ ಬರುತ್ತದೆ, ಬಳೆ ಬರುತ್ತದೆ. ಬಗ್ಗಿದ್ದು ಬರುವುದಿಲ್ಲ. ಐವತ್ತು ವರ್ಷದಲ್ಲಿ ನಾನು ಒಂದೇ ಒಂದು ಬಗ್ಗಿದ ಸಾಮಾನು ಕಡೆದವನಲ್ಲ.

ಉಳಿ ಹಿಡಿದು ಕೈಯಲ್ಲೇ ಕೆತ್ತೋಣವೆಂದು ಮೂರು ದಿನ ಕೂತೆ. ಮೊದಲನೆಯದು ಬದನೆಕಾಯಿಯಂತಾಯಿತು. ಎರಡನೆಯದನ್ನು ನೋಡಿ ಪಕ್ಕದ ಮನೆಯವರು ಆನೆಯ ಸೊಂಡಿಲು ಚೆನ್ನಾಗಿದೆ ಎಂದರು. ಮೂರನೆಯದು ಸೀಳಿತು. ಭಾನುವಾರ ಸಂಜೆ ಸೋತು ಅಡುಗೆಮನೆಯ ಹೊಸ್ತಿಲಲ್ಲಿ ಕೂತೆ. ಜಯಮ್ಮ ಬೀಗರ ಮನೆಗೆ ಒಯ್ಯಲು ಕೋಡುಬಳೆ ಕರಿಯುತ್ತಿದ್ದಳು. ನನ್ನ ಮುಖ ನೋಡಿ ಒಂದು ಬಿಸಿ ಕೋಡುಬಳೆ ಕೈಗೆ ಕೊಟ್ಟಳು. ಊದಿ, ಮುರಿದೆ. ಅರ್ಧವನ್ನು ಮತ್ತೆ ಮುರಿದೆ. ಬಾಯಿಗೆ ಹೋಗಬೇಕಾದ ಕೈ ಅಲ್ಲೇ ನಿಂತಿತು. ಬೆರಳ ನಡುವೆ ಇದ್ದದ್ದು ಕಪ್ಪೆಯ ಮೊಣಕೈ. ದಪ್ಪನೆಯ ಬಳೆಯನ್ನು ನಾಲ್ಕು ತುಂಡು ಮಾಡಿದರೆ ನಾಲ್ಕು ಮೊಣಕೈ. ಬಳೆ ಕಡೆಯಲು ನನಗೆ ಕಣ್ಣು ಕೂಡ ಬೇಕಾಗಿಲ್ಲ. "ಜಯಾ, ಸಿಕ್ತು ಕಣೆ" ಎಂದೆ. "ಕಲ್ಲಾ? ಹಿಟ್ಟು ಜರಡಿ ಹಿಡ್ದಿದ್ನಲ್ಲ" ಎಂದಳು. ಅಷ್ಟರಲ್ಲಿ ನಾನು ಲೇತಿನ ಮುಂದಿದ್ದೆ. ಒಲೆಯ ಮೇಲಿನ ಎಣ್ಣೆ ಆರುವುದರೊಳಗೆ ಎರಡು ಹೆಬ್ಬೆರಳು ದಪ್ಪದ ಬಳೆ ಕಡೆದು, ಗರಗಸದಲ್ಲಿ ನಾಲ್ಕು ಮಾಡಿ, ಇಂಜಿನ್ನಿನ ಮೇಲೆ ಕೂರಲು ಒಂದರ ಬುಡಕ್ಕೆ ಮರದ ಬಿಲ್ಲೆ ಅಂಟಿಸಿದೆ. ಕೈ ಸುಮ್ಮನಿರಲಿಲ್ಲ, ಲೇತಿನಲ್ಲಿದ್ದಾಗಲೇ ಬಳೆಗೆ ಅರಿಶಿನ ಬಣ್ಣದ ಅರಗು ಬಳಿದು ತಾಳೆಗರಿ ಹಿಡಿದು ಹೊಳಪು ಕೊಟ್ಟಿದ್ದೆ.

ಸೋಮವಾರ ಬೆಳಿಗ್ಗೆ ಮಾಗಡಿಯ ಆಚಾರ್ರು ಅದನ್ನು ತಿರುಗಿಸಿ ನೋಡಿದರು. "ಮಣ್ಣಲ್ಲಿ ಹೂಳೋದಕ್ಕೆ ಇಷ್ಟು ಸಿಂಗಾರ ಯಾಕೆ ಮಾಡುದ್ರಿ ಯಜಮಾನ್ರೇ?" ಎಂದರು. ನಾನು ತಲೆ ತಗ್ಗಿಸಿದೆ. ಸಂಜೆವರೆಗೂ ಅಲ್ಲೇ ಕಾದೆ. ಅಚ್ಚಿನಿಂದ ಮಾದರಿಯನ್ನು ಎತ್ತುವಾಗ ಅದು ಎಣ್ಣೆ ಹಚ್ಚಿದ ಹಾಗೆ ಜಾರಿ ಬಂತು, ಒಂದು ಕಣ ಮಣ್ಣು ಅಂಟಿರಲಿಲ್ಲ. ಆಚಾರ್ರು ನನ್ನತ್ತ ನೋಡಿ, "ಮಾದರಿ ಮಾಡೋರೆಲ್ಲ ಮರನ ಹಂಗೇ ತಂದು ಕೊಡ್ತಾರೆ, ಮಣ್ಣು ಕಿತ್ಕೊಂಡು ಬತ್ತದೆ. ಅರಗು ಬಳ್ದಿದ್ದು ಒಳ್ಳೇದಾಯ್ತು. ಯಾರ್ ಹೇಳ್ಕೊಟ್ರು ನಿಮ್ಗೆ?" ಎಂದರು. "ಇಂಜಿನ್ನು" ಎಂದೆ. ಅರಗು ಎಲ್ಲಿ ಇರಬಾರದು ಎಂದು ಅದು ಮೊದಲೇ ಕಲಿಸಿತ್ತು, ಎಲ್ಲಿ ಇರಬೇಕು ಎಂದು ಮಾತ್ರ ಅಂದು ಗೊತ್ತಾಯಿತು. ಮಂಗಳವಾರ ಹಿತ್ತಾಳೆಯ ಮೊಣಕೈಯನ್ನು ಸಿದ್ದರಾಜು ಉಜ್ಜಿ, ಕೊರೆದು, ಇಂಜಿನ್ನಿನ ನೆತ್ತಿಗೆ ಕೂರಿಸಿದ. ಒಂದು ಗಂಟೆ ಇಂಜಿನ್ನು ಓಡಿತು. ಕೆಳಗೆ ಹಾಸಿದ ಪೇಪರು ಒಣಗಿಯೇ ಇತ್ತು.

ಬುಧವಾರ ಏಳಕ್ಕೆ ಹೊರಟೆವು. ನಾನು, ಪಕ್ಕದಲ್ಲಿ ಜಯಮ್ಮ, ಅವಳ ತೊಡೆಯ ಮೇಲೆ ಕೋಡುಬಳೆಯ ಡಬ್ಬ. ಹಿಂದೆ ಬೈಕಿನಲ್ಲಿ ಮಂಜು, ಎರಡು ಕ್ಯಾನು ನೀರು, ಜೇಬಿನ ಫೋನಿನಲ್ಲಿ ಬಾಡಿಗೆ ಕಾರಿನವನ ನಂಬರು. ಆ ಬಸ್‌ಸ್ಟ್ಯಾಂಡಿನ ಎದುರಿಗೆ ಬಂದಾಗ ಅದೇ ಹೆಂಗಸು ನಿಂತಿದ್ದಳೋ ಇಲ್ಲವೋ ಎಂದು ನಾನು ನೋಡಲಿಲ್ಲ. ಸಾತನೂರಿನ ಬೀಗರು ಹಸು ಕರೆಯುತ್ತಿದ್ದವರು ಎದ್ದು ಬಂದು, ಕಪ್ಪೆಯನ್ನು ಸುತ್ತಿ ನೋಡಿ, "ಬೀಗ್ರೇ, ಇದು ನಿಜವಾಗ್ಲೂ ಓಡಿ ಬಂತಾ, ಇಲ್ಲಾ ಊರಾಚೆಗಂಟ ಟ್ರ್ಯಾಕ್ಟರಲ್ಲಿ ತಂದ್ರಾ?" ಎಂದರು. ಸುದ್ದಿ ಅವರಿಗೂ ಮುಟ್ಟಿತ್ತು. ತಿಂಡಿ, ಮಡಿಲು ತುಂಬುವುದು, ಅಳುವುದು ಎಲ್ಲ ಮುಗಿಯುವಾಗ ಹತ್ತೂವರೆ. ಪವಿತ್ರ ಕೂಸನ್ನು ಹಿಡಿದು ಹಿಂದಿನ ಸೀಟಿನಲ್ಲಿ ಅವರಮ್ಮನ ಜೊತೆ ಕೂತಳು, ಬೀಗರು ಮಂಜುವಿನ ಬೈಕು ಹತ್ತಿದರು. ದಿಣ್ಣೆ ಬಂದಾಗ ನಾನು ಉಸಿರು ಬಿಗಿಹಿಡಿದೆ, ಕಪ್ಪೆ ಬಿಡಲಿಲ್ಲ. ನಡುವೆ ಕುರಿಮಂದೆ ಅಡ್ಡ ಬಂದು ಕಾಲು ಗಂಟೆ ಹೋಯಿತು. ಗಡಿಯಾರ ನೋಡಿ ನೋಡಿ ಜಯಮ್ಮನ ಕತ್ತು ನೋಯಿತು. ನಮ್ಮ ಬೀದಿಗೆ ಎಡಕ್ಕೆ ತಿರುಗುವಾಗ ನಾನು ಗುಂಡಿ ತಿರುಗಿಸಿದೆ, ಜಯಮ್ಮ ಮುಷ್ಟಿ ಎತ್ತಿದಳು. ಗುದ್ದು ಬೀಳುವ ಮೊದಲೇ ಎಡಗೈ ಪಟ್ಟನೆ ಎದ್ದಿತು. ಇಷ್ಟು ವರ್ಷದಲ್ಲಿ ಮೊದಲ ಸಲ. ಅವಳ ಮುಷ್ಟಿ ಗಾಳಿಯಲ್ಲೇ ನಿಂತುಹೋಯಿತು. "ಕೂಸ ನೋಡಿ ನಾಚ್ಕೊಂತು" ಎಂದಳು.

ಮನೆಯ ಮುಂದೆ ಬ್ರೇಕು ಹಾಕಿ ತಲೆ ಎತ್ತುತ್ತೇನೆ, ಎದುರಿಗೆ ಕೆಂಪು ನೀರು. ಬಾಗಿಲು ತೆಗೆದು ಓಡಿಹೋಗಿ ಬಾನೆಟ್ಟು ಎತ್ತಿಬಿಟ್ಟೆ. ಪಕ್ಕದ ಮನೆಯವರು ತಟ್ಟೆಯಲ್ಲಿ ಆರತಿ ನೀರು ಹಿಡಿದು ನಿಂತಿದ್ದವರು, "ಇದೇನ್ ಸಾಮಿ, ಆರತಿ ಕೂಸಿಗೆ ಎತ್ಲಾ, ಇಂಜಿನ್ನಿಗೆ ಎತ್ಲಾ?" ಎಂದು ಕೇಳಿದರು. ಸಿದ್ದರಾಜು ಅಲ್ಲೇ ನಿಂತಿದ್ದ. "ಎರಡಕ್ಕೂ ಎತ್ತಮ್ಮ, ಇಬ್ರಿಗೂ ದೃಷ್ಟಿ ಆಗೈತೆ" ಎಂದ. ಹಾಗೇ ಆಯಿತು. ಕೂಸು ಹೊಸ್ತಿಲು ದಾಟುವಾಗ ಹನ್ನೆರಡಕ್ಕೆ ಕಾಲು ಗಂಟೆ ಇತ್ತು. ಮಂಜು ಫೋನು ತೆಗೆದು ಬಾಡಿಗೆ ಕಾರಿನವನಿಗೆ ಬೇಡವೆಂದು ಹೇಳಿ, ನನ್ನ ಕಡೆ ನೋಡದೆ, "ಶೆಡ್ಡಿಗೆ ಒಂದು ಹೊಸ ಶೀಟು ಹಾಕ್ಸಣ, ಮಳೆ ಬಿದ್ರೆ ಸೋರ್ತದೆ" ಎಂದ. ಗುಜರಿಯ ಮಾತು ಅಲ್ಲಿಗೆ ತೀರಿತು.

ಸಂಜೆ ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಊಟಕ್ಕೆ ಕೂತೆವು. ಒಬ್ಬಟ್ಟು, ಅದರ ಸಾರು, ಅನ್ನ, ಪಲ್ಯ, ಮಿಕ್ಕ ಕೋಡುಬಳೆ. ಬೀಗರು, ಬೀಗಿತ್ತಿ, ಸಿದ್ದರಾಜು, ಮಂಜು ಎಲ್ಲರೂ ಇದ್ದರು. ಜಯಮ್ಮನನ್ನೂ ಬಲವಂತ ಮಾಡಿ ಎಲೆ ಮುಂದೆ ಕೂರಿಸಿದೆವು. ಕೂಸು ನನ್ನ ತೊಡೆಯ ಮೇಲಿತ್ತು. ನಾನು ಅರಗು, ಅಚ್ಚು, ಹಿತ್ತಾಳೆ ಎಂದು ಬೀಗರಿಗೆ ಮೊದಲಿಂದ ಹೇಳುತ್ತಿದ್ದೆ. ಆಗ ಪವಿತ್ರ, "ಮಾವ, ಪಾಪುಗೆ ನೀವ್ ಮಾಡಿದ ಗಿಲಕಿ ಎಲ್ಲೈತೆ? ನಮ್ಮಪ್ಪ ಅಂಗಡೀದು ತತ್ತೀನಿ ಅಂದ್ರು. ಬ್ಯಾಡ, ನಮ್ ಮಾವ ಐದು ತಿಂಗ್ಳಿಂದ ಏನೇನ್ ಮಾಡಿಟ್ಟವ್ರೋ ಅಂದೆ" ಎಂದಳು. ಬಾಯಿಗೆ ಎತ್ತಿದ ಒಬ್ಬಟ್ಟನ್ನು ಎಲೆಗೆ ಇಳಿಸಿದೆ. ಊರೂರ ಮಕ್ಕಳಿಗೆ ಗಿಲಕಿ ಮಾಡಿದವನು ನಾನು. ಐದು ತಿಂಗಳು ಲೇತಿನ ಮುಂದೆಯೇ ಕೂತಿದ್ದೆ. ಮೊಮ್ಮಗಳಿಗೆ ಎಂದು ಒಂದು ಬುಗುರಿಯನ್ನೂ ಕಡೆದಿರಲಿಲ್ಲ. ಸಾಲಿಗೆ ಸಾಲೇ ನನ್ನ ಮುಖ ನೋಡಿತು. ಜಯಮ್ಮ ಮಾತ್ರ ನೋಡಲಿಲ್ಲ, ಅವಳಿಗೆ ಮೊದಲೇ ಗೊತ್ತಿತ್ತು ಎಂದು ಅವಳು ಅನ್ನ ಕಲಸುವ ರೀತಿಯಲ್ಲೇ ತಿಳಿಯಿತು. ಅಷ್ಟರಲ್ಲಿ ಕೂಸು ನನ್ನ ಅಂಗಿಯ ಜೇಬಿಗೆ ಕೈ ಹಾಕಿತು. ಅದೃಷ್ಟಕ್ಕೆ ಇರಲಿ ಎಂದು ನಾನು ಬಳೆಯ ಮಿಕ್ಕ ಮೂರು ತುಂಡುಗಳಲ್ಲಿ ಒಂದರ ಅಂಚು ಸವರಿ ಅಲ್ಲಿ ಇಟ್ಟುಕೊಂಡಿದ್ದೆ. ಅರಿಶಿನ ಬಣ್ಣದ ಆ ಮರದ ಮೊಣಕೈಯನ್ನು ಎರಡು ಕೈಯಲ್ಲೂ ಹಿಡಿದು ನೇರ ಬಾಯಿಗಿಟ್ಟು, ಹಲ್ಲಿಲ್ಲದ ವಸಡಿನಲ್ಲಿ ಕಚ್ಚಿ, ಜೊಲ್ಲು ಸುರಿಸಿ, ನನ್ನನ್ನು ನೋಡಿ ನಕ್ಕಿತು. "ಅದೇ ಕಣವ್ವ, ಅದನ್ನೇ ಮಾಡಿಟ್ಟಿದ್ದೆ" ಎಂದೆ ಸೊಸೆಗೆ. ಸಿದ್ದರಾಜು ಬಾಯಿ ತೆರೆದ, ಜಯಮ್ಮ ಅವನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿ ಬಾಯಿ ಮುಚ್ಚಿಸಿದಳು. ಆಮೇಲೆ ನನ್ನ ಎಲೆಗೆ ಒಂದು ಕೋಡುಬಳೆ ಹಾಕಿ, "ತಿನ್ನಿ, ಮುರ್ದು ನೋಡ್ತಾ ಕೂರ್ಬ್ಯಾಡಿ" ಎಂದಳು. ನಾನು ಮುರಿಯದೆ ಇಡಿಯಾಗಿ ಬಾಯಿಗೆ ಹಾಕಿಕೊಂಡೆ.